ಮಂಡೇಯನ್ನರು: ಯೋಹಾನನ ಶಿಷ್ಯರಾ, ಬೇರೆಯದೇ ಮತವಾ?

ಹಳೇಪುಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇರಾಕಿನ ಅಲ್ಪಸಂಖ್ಯಾತರ ಬಗ್ಗೆ ಓದುವಾಗ ಮಂಡೇಯನ್ನರ ಹೆಸರು ಸಿಕ್ಕಿತು. ಅಲ್ಲಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದೇನೆ, ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಒಂದು ಕಡೆ ಇವರು ಸ್ನಾನಿಕ ಯೋಹಾನನ ಶಿಷ್ಯರು ಅಂತಾರೆ. ಇನ್ನೊಂದು ಕಡೆ ಯೇಸುವನ್ನು ಒಪ್ಪುವುದೇ ಇಲ್ಲ ಅಂತಾರೆ. ಮೋಶೆ, ಅಬ್ರಹಾಮ ಇಬ್ಬರೂ ಬೇಡವಂತೆ, ಆದರೆ ಆದಾಮ, ನೋಹ ಬೇಕಂತೆ. ಇದು ಯಾವ ಲೆಕ್ಕ?

ನನಗೆ ನಿಜಕ್ಕೂ ಬಿಡಿಸಲಾಗದ ಗಂಟು ಬೇರೆ ಇದೆ. ಗ್ನಾಸ್ಟಿಕ್ ಪಂಥಗಳ ಬಗ್ಗೆ ಸ್ವಲ್ಪ ಓದಿದ್ದೇನೆ. ಈ ಲೋಕವನ್ನು ಮಾಡಿದವನು ಪರಮದೇವರಲ್ಲ, ಕೆಳಗಿನ ಮಟ್ಟದ ಯಾರೋ ಒಬ್ಬ. ಮೈ ಅನ್ನುವುದು ಆತ್ಮಕ್ಕೆ ಸೆರೆಮನೆ. ಅರಿವು ಬಂದವನು ಇಲ್ಲಿಂದ ಪಾರಾಗುತ್ತಾನೆ. ಇಷ್ಟು ಅರ್ಥ ಆಗುತ್ತೆ. ಇಂಥ ನಂಬಿಕೆಯವರಲ್ಲಿ ಎಷ್ಟೋ ಮಂದಿ ಮದುವೆ ಬೇಡ, ಮಕ್ಕಳು ಬೇಡ ಅಂದರು, ಅದೂ ಅದಕ್ಕೆ ಸರಿಹೋಗುತ್ತೆ. ಮಂಡೇಯನ್ನರು ಮಾತ್ರ ಮದುವೆ ಆಗದೆ ಇರುವುದೇ ತಪ್ಪು ಅಂತಾರೆ, ನದಿಯಲ್ಲಿ ಮುಳುಗದೆ ದಾರಿಯೇ ಇಲ್ಲ ಅಂತಾರೆ. ಲೋಕವೇ ಬೇಡ ಅನ್ನುವವರಿಗೆ ಈ ಲೋಕದ ನೀರು ಯಾಕೆ ಬೇಕು?

ಇವರು ಹುಟ್ಟಿದ್ದು ಪ್ಯಾಲೆಸ್ತೀನಿನಲ್ಲಾ, ಇರಾಕಿನಲ್ಲಾ ಅನ್ನುವುದನ್ನೂ ತಿಳಿದವರು ಹೇಳಿ. ಉದ್ದ ಬರೆದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.

---

ನದಿದಂಡೆ:

ನಿಮ್ಮ ನೀರಿನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದೊಂದು ಬಿಡಿಸಿಕೊಂಡರೆ ಉಳಿದದ್ದು ಅರ್ಧಕ್ಕರ್ಧ ತಾನೇ ಬಿಡಿಸಿಕೊಳ್ಳುತ್ತೆ.

ಅವರ ಪ್ರಕಾರ ಎಲ್ಲಕ್ಕೂ ಮೇಲೆ ಇರುವುದು ಹಯ್ಯಿ ರಬ್ಬಿ, ಅಂದರೆ ಮಹಾಜೀವ. ಅದಕ್ಕೆ ರೂಪ ಇಲ್ಲ, ಮೂರ್ತಿ ಇಲ್ಲ. ಅದು ಇರುವುದು ಬೆಳಕಿನ ಲೋಕದಲ್ಲಿ. ಅಲ್ಲಿ ಉಥ್ರಾ ಅನ್ನುವ ಬೆಳಕಿನ ಜೀವಿಗಳು ಲೆಕ್ಕವಿಲ್ಲದಷ್ಟು ಇದ್ದಾರೆ. ಮಹಾಜೀವದಿಂದ ಎರಡನೇ ಜೀವ ಯೂಶಾಮಿನ್, ಅವನಿಂದ ಮೂರನೆಯವನು ಅಬಾತುರ್, ಅವನಿಂದ ನಾಲ್ಕನೆಯವನು ಪ್ತಾಹಿಲ್. ಒಂದೊಂದು ಮೆಟ್ಟಿಲು ಇಳಿದ ಹಾಗೂ ಬೆಳಕು ಕಡಿಮೆ, ತಪ್ಪು ಜಾಸ್ತಿ. ಈ ಭೂಮಿಯನ್ನು ಮಾಡಿದವನು ಪ್ತಾಹಿಲ್. ಕತ್ತಲ ಲೋಕದ ಕಡೆಯಿಂದ ರೂಹಾ ಅನ್ನುವವಳೂ ಅವಳ ಮಕ್ಕಳೂ ಇದರಲ್ಲಿ ಕೈ ಹಾಕಿದರು. ಆ ಮಕ್ಕಳು ಯಾರು ಅಂದರೆ ಏಳು ಗ್ರಹಗಳು, ಹನ್ನೆರಡು ರಾಶಿಗಳು. ಆದಾಮನ ಮೈಯನ್ನೂ ಇವರೇ ಮಾಡಿದರು, ಆದರೆ ಅದು ಎದ್ದು ನಿಲ್ಲಲಿಲ್ಲ. ಮೇಲಿಂದ ಆತ್ಮವನ್ನು ತಂದು ಹಾಕಿದ ಮೇಲೆಯೇ ಆದಾಮ ಎದ್ದ.

ಇಲ್ಲಿಯವರೆಗೆ ನೀವು ಬೇರೆ ಗ್ನಾಸ್ಟಿಕ್ ಪಂಥಗಳಲ್ಲಿ ಓದಿದ್ದೇ. ಮುಂದಿನದು ಬೇರೆ.

ಅವರ ಬೆಳಕಿನ ಲೋಕದಲ್ಲೂ ನದಿಗಳು ಹರಿಯುತ್ತವೆ. ಆ ನದಿಗೆ ಯರ್ದ್ನಾ ಅಂತ ಹೆಸರು. ಈ ಲೋಕ ಮಾಡುವಾಗ ಆ ಜೀವಂತ ನೀರನ್ನು ಇಲ್ಲಿಗೂ ಇಳಿಸಿ, ಇಲ್ಲಿದ್ದ ಕಪ್ಪು ರಾಡಿ ನೀರಿನ ಜೊತೆ ಬೆರೆಸಿದರು. ಹಾಗಾಗಿ ಇಲ್ಲಿ ಹರಿಯುವ ನದಿ ಪೂರ್ತಿ ಈ ಲೋಕದ್ದಲ್ಲ. ಅದರೊಳಗೆ ಅಲ್ಲಿನದೂ ಇದೆ. ಟೈಗ್ರಿಸ್ ಆಗಲಿ, ಇರಾನಿನ ಕಾರೂನ್ ಆಗಲಿ, ಹರಿಯುವ ನೀರೆಲ್ಲ ಅವರಿಗೆ ಯರ್ದ್ನಾವೇ. ನಿಂತ ನೀರು ಆಗೋಲ್ಲ. ಅದರಲ್ಲಿ ಮುಳುಗುವುದು ಅಂದರೆ ಸುಮ್ನೆ ಪಾಪ ತೊಳೆದುಕೊಳ್ಳುವುದಲ್ಲ, ಇಲ್ಲಿದ್ದುಕೊಂಡೇ ಅಲ್ಲಿನದನ್ನು ಮುಟ್ಟುವುದು. ಅದಕ್ಕೇ ಕ್ರೈಸ್ತರ ಹಾಗೆ ಜೀವನದಲ್ಲಿ ಒಮ್ಮೆ ದೀಕ್ಷಾಸ್ನಾನ ಮಾಡಿ ಮುಗಿಸುವುದಿಲ್ಲ. ಮತ್ತೆ ಮತ್ತೆ ಮಾಡುತ್ತಾರೆ. ಭಾನುವಾರ, ಹಬ್ಬ, ಮದುವೆ, ಹೆರಿಗೆ, ಎಲ್ಲದಕ್ಕೂ. ಇದಕ್ಕೆ ಮಸ್ಬುತಾ ಅಂತಾರೆ.

ಈಗ ಮದುವೆಯ ವಿಷಯ ನೋಡಿ. ಲೋಕ ಕೆಟ್ಟ ಕೈಯಲ್ಲಿ ಆಗಿದೆ, ನಿಜ. ಆದರೆ ಬೆಳಕಿನ ಜೊತೆಗಿನ ಸಂಬಂಧ ಕಡಿದುಹೋಗಿಲ್ಲ. ಮಕ್ಕಳು ಹುಟ್ಟಬೇಕು, ಅವರಿಗೆ ಮಸ್ಬುತಾ ಆಗಬೇಕು, ಸತ್ತ ಮೇಲೆ ಆ ಆತ್ಮಗಳು ಮೇಲೆ ಹೋಗಬೇಕು. ಮದುವೆಯನ್ನೇ ಬಿಟ್ಟವನು ಈ ಕೆಲಸವನ್ನೇ ನಿಲ್ಲಿಸಿದ ಹಾಗೆ. ಪುರೋಹಿತರಿಗೂ ಬ್ರಹ್ಮಚರ್ಯ ಇಲ್ಲ. ಉಪವಾಸ, ದೇಹದಂಡನೆ ಇಂಥವಕ್ಕೂ ಅಲ್ಲಿ ಬೆಲೆ ಇಲ್ಲ. ಸುನ್ನತಿಯಂತೂ ನಿಷಿದ್ಧ, ಮೈಯನ್ನು ಊನ ಮಾಡಬಾರದು. ಮೈ ಸೆರೆಮನೆ ಅನ್ನುವ ಮಾತು ಅವರ ಹಾಡುಗಳಲ್ಲಿ ಬೇಕಾದಷ್ಟಿದೆ, ಆದರೆ ಆ ಮೈಯನ್ನು ಅವರು ಗೌರವದಿಂದಲೇ ನಡೆಸಿಕೊಳ್ಳುತ್ತಾರೆ. ನನಗೆ ಈ ಮತದಲ್ಲಿ ತುಂಬ ಹಿಡಿಸಿದ್ದು ಇದೇ.

ಯೋಹಾನನ ವಿಷಯ. ಅವನು ಸ್ಥಾಪಕ ಅಲ್ಲ, ರಕ್ಷಕನೂ ಅಲ್ಲ. ಅವರ ಮಟ್ಟಿಗೆ ಈ ಮತ ಆದಾಮನಿಂದಲೇ ಶುರು. ಆದಾಮನಿಗೆ ಮೇಲಿಂದ ಅರಿವು ಬಂತು, ಅವನಿಂದ ಮುಂದೆ ಹರಿಯಿತು. ಬೈಬಲಿನಲ್ಲಿ ಹೇಬೆಲ, ಸೇತ್, ಏನೋಷ್ ಅಂತ ಬರುವವರು ಇವರಲ್ಲಿ ಹಿಬಿಲ್, ಶಿತಿಲ್, ಅನುಶ್ ಅನ್ನುವ ಬೆಳಕಿನ ಜೀವಿಗಳು. ಯೋಹಾನ, ಅವರ ಬಾಯಲ್ಲಿ ಯಾಹ್ಯಾ ಅಥವಾ ಯೂಹಾನಾ, ಈ ಸಾಲಿನ ಕೊನೆಯ ದೊಡ್ಡ ಗುರು. ಅವನ ಹೆಸರಿನಲ್ಲೇ ಒಂದು ಪುಸ್ತಕವೂ ಇದೆ.

ಗಿಂಜಾ ರಬ್ಬಾ ಅವರ ಮುಖ್ಯ ಗ್ರಂಥ. ಅದರಲ್ಲಿ ಯೋಹಾನನ ಸಾವಿನ ಕಥೆ ಬರುತ್ತೆ, ದಯವಿಟ್ಟು ಹುಡುಕಿ ಓದಿ. ಒಂದು ದಿನ ನದಿಯ ಹತ್ತಿರ ಅವನ ಬಳಿ ಒಬ್ಬ ಚಿಕ್ಕ ಹುಡುಗ ಬರುತ್ತಾನೆ. ವಯಸ್ಸು ಮೂರು ವರ್ಷ ಒಂದು ದಿನ. ನನಗೆ ದೀಕ್ಷಾಸ್ನಾನ ಮಾಡಿಸು ಅಂತಾನೆ. ಯೋಹಾನ ನೀರಿಗೆ ಇಳಿಯುತ್ತಾನೆ, ಆದರೆ ಹುಡುಗನನ್ನು ಕಂಡ ನದಿ ಉಕ್ಕಿ ದಡ ಮೀರುತ್ತೆ, ಯೋಹಾನನಿಗೆ ನಿಲ್ಲಲೂ ಆಗುವುದಿಲ್ಲ. ಆಮೇಲೆ ನೀರು ಹಿಂದಕ್ಕೆ ಸರಿಯುತ್ತೆ. ನದಿಯ ಮೀನುಗಳೂ ದಡದ ಹಕ್ಕಿಗಳೂ ಹುಡುಗನನ್ನು ಹೊಗಳಲು ಶುರು ಮಾಡುತ್ತವೆ. ಆಗ ಯೋಹಾನನಿಗೆ ಗೊತ್ತಾಗುತ್ತೆ, ಇವನು ಮಂದಾ ದ್ ಹಯ್ಯಿ, ಬೆಳಕಿನ ಲೋಕದಿಂದ ಅರಿವನ್ನು ತರುವವನು. ಇಷ್ಟು ಕಾಲ ಯಾರ ಹೆಸರಲ್ಲಿ ಜನರನ್ನು ಮುಳುಗಿಸುತ್ತಿದ್ದನೋ ಅವನೇ ಎದುರಿಗೆ ನಿಂತಿದ್ದಾನೆ. ಅಲ್ಲೇ ಯೋಹಾನ ಮೈ ಬಿಡುತ್ತಾನೆ, ಇಬ್ಬರೂ ಮೇಲಕ್ಕೆ ಹೋಗುತ್ತಾರೆ. ಹೆರೋದನ ಸೆರೆಮನೆ ಇಲ್ಲ, ತಟ್ಟೆಯಲ್ಲಿ ತಲೆ ಇಲ್ಲ. ಸುವಾರ್ತೆಗಳಲ್ಲಿ ಯೇಸು ನಿಂತ ಜಾಗದಲ್ಲಿ ಇಲ್ಲಿ ಬೇರೆಯವನು ನಿಂತಿದ್ದಾನೆ ಅನ್ನುವುದನ್ನೂ ಗಮನಿಸಿ.

ಯೇಸು ಅವರ ಪುಸ್ತಕಗಳಲ್ಲಿ ಯೋಹಾನನ ಕೈಯಿಂದಲೇ ದೀಕ್ಷೆ ಪಡೆದು ಆಮೇಲೆ ಉಪದೇಶವನ್ನು ತಿರುಚಿದವನು. ಮೋಶೆ ರೂಹಾಳ ಕಡೆಯವನು. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ, ಪಠ್ಯದಲ್ಲಿ ಗಡುಸಾಗಿಯೇ ಇದೆ. ಆದರೆ ಇವರು ಆಯುಧ ಹಿಡಿಯಬಾರದು, ರಕ್ತ ಹರಿಸಬಾರದು ಅಂತ ಕಲಿತ ಜನ. ಪುಸ್ತಕದ ಸಿಟ್ಟು ಪುಸ್ತಕದಲ್ಲೇ ಉಳಿದಿದೆ.

---

ಏನೋಷ:

ನದಿದಂಡೆ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಮದುವೆ ಬಗ್ಗೆ ಒಂದು ತಕರಾರಿದೆ.

ಎಡ ಗಿಂಜಾ ಶುರುವಾಗುವುದೇ ಶಿತಿಲನ ಸಾವಿನಿಂದ. ಆದಾಮನಿಗೆ ಸಾವಿರ ವರ್ಷ ಆಗಿದೆ. ಮೈ ಬಿಟ್ಟು ಬಾ ಅಂತ ಮೇಲಿಂದ ಕರೆ ಬರುತ್ತೆ. ಆದಾಮ ಒಪ್ಪೋದಿಲ್ಲ. ನನ್ನ ಮಗ ಶಿತಿಲನ ಹತ್ತಿರ ಹೋಗಿ, ಅವನು ಎಂಬತ್ತರ ಹುಡುಗ, ಅವನನ್ನು ಕರೆದುಕೊಂಡು ಹೋಗಿ ಅಂತಾನೆ. ಶಿತಿಲನೂ ಮೊದಲು ಹಿಂದೆ ಮುಂದೆ ನೋಡುತ್ತಾನೆ, ಆಮೇಲೆ ಅಪ್ಪನ ಬದಲು ತಾನೇ ಹೋಗುತ್ತಾನೆ. ಆ ಶಿತಿಲ ಹೆಣ್ಣಿನ ಸಂಗ ಮಾಡಿದವನಲ್ಲ, ಮಕ್ಕಳಿಲ್ಲ. ಆದರೂ ಅವನ ಆತ್ಮವೇ ಎಲ್ಲರಿಗಿಂತ ಶುದ್ಧ. ಸತ್ತವರ ಆತ್ಮ ಅಬಾತುರನ ತಕ್ಕಡಿಗೆ ಬಂದಾಗ ಇನ್ನೊಂದು ತಟ್ಟೆಯಲ್ಲಿ ಇಡುವುದು ಶಿತಿಲನ ಆತ್ಮವನ್ನೇ. ಮದುವೆ ಆಗದವನೇ ಅಳತೆಗಲ್ಲು ಅಂದ ಮೇಲೆ, ಮದುವೆ ಕಡ್ಡಾಯ ಅನ್ನುವುದು ಹೇಗೆ ಹೊಂದುತ್ತೆ?

---

ನದಿದಂಡೆ:

ಒಳ್ಳೆ ಪ್ರಶ್ನೆ. ನನ್ನ ತಿಳಿವಳಿಕೆ ಹೇಳುತ್ತೇನೆ. ಗಿಂಜಾ ಒಬ್ಬರು ಕೂತು ಬರೆದ ಪುಸ್ತಕ ಅಲ್ಲ. ಬೇರೆ ಬೇರೆ ಕಾಲದ ತುಣುಕುಗಳನ್ನು ಒಟ್ಟು ಕಟ್ಟಿದ್ದು. ಲೋಕವನ್ನು ಬಿಟ್ಟು ಹೋಗುವ ತವಕ ಒಂದು ಪದರ, ಮನೆ ಮಕ್ಕಳು ನದಿ ಅನ್ನುವುದು ಇನ್ನೊಂದು ಪದರ. ಎರಡನ್ನೂ ಅವರು ಅಳಿಸದೆ ಇಟ್ಟುಕೊಂಡಿದ್ದಾರೆ. ಆದರೆ ಬದುಕಿನ ನಿಯಮ ಯಾವುದು ಅಂತ ಕೇಳಿದರೆ ಪುರೋಹಿತರು ಒಂದೇ ಉತ್ತರ ಕೊಡುತ್ತಾರೆ, ಮದುವೆ. ಶಿತಿಲ ಅಪ್ಪನಿಗಾಗಿ ಹೋದದ್ದಕ್ಕೆ ದೊಡ್ಡವನಾದ, ಮದುವೆ ಆಗದ್ದಕ್ಕಲ್ಲ ಅಂತ ನಾನು ಓದಿಕೊಳ್ಳುತ್ತೇನೆ.

ಎಡ ಗಿಂಜಾ ಅಂದಿರಲ್ಲ, ಹೊಸಬರಿಗಾಗಿ ಒಂದು ಮಾತು. ಪುಸ್ತಕಕ್ಕೆ ಎರಡು ಭಾಗ, ಬಲ ಮತ್ತು ಎಡ. ಬಲದ್ದು ಸೃಷ್ಟಿ, ಉಪದೇಶ, ದೇವಲೋಕದ ಕಥೆಗಳು. ಎಡದ್ದು ಪೂರ್ತಿ ಸತ್ತ ಆತ್ಮದ ಪಯಣ. ಹಸ್ತಪ್ರತಿಯಲ್ಲಿ ಎರಡನ್ನೂ ಒಂದಕ್ಕೊಂದು ತಲೆಕೆಳಗಾಗಿ ಕಟ್ಟುತ್ತಾರೆ. ಬದುಕಿನ ಭಾಗ ಓದಿ ಮುಗಿಸಿ ಸಾವಿನ ಭಾಗಕ್ಕೆ ಬರಬೇಕಾದರೆ ಪುಸ್ತಕವನ್ನೇ ತಿರುಗಿಸಿ ಹಿಡಿಯಬೇಕು.

ಸಾವಿನ ಬಗ್ಗೆ ಇನ್ನೊಂದು. ಆತ್ಮ ಮೇಲೆ ಹೋಗಲು 45 ದಿನ ಬೇಕು. ದಾರಿಯಲ್ಲಿ ಗ್ರಹಗಳ ಕಾವಲಿನ ಠಾಣೆಗಳಿವೆ, ಒಂದೊಂದನ್ನೂ ದಾಟಬೇಕು. ಉಳಿದವರು ಅಳಬಾರದು. ಅತ್ತರೆ ಆ ಕಣ್ಣೀರೇ ನದಿಯಾಗಿ ಸತ್ತವನ ದಾರಿಗೆ ಅಡ್ಡ ಬರುತ್ತೆ. ಅಳುವ ಬದಲು ಪುರೋಹಿತರಿಂದ ಮಸಿಕ್ತಾ ಮಾಡಿಸಬೇಕು, ಅದು ಆತ್ಮವನ್ನು ಮೇಲೆ ಹತ್ತಿಸುವ ಕ್ರಿಯೆ.

---

ಲಿಪಿಪ್ರಿಯ:

ಹುಟ್ಟಿನ ಪ್ರಶ್ನೆಗೆ ನಾನು ಬರ್ತೀನಿ. ನಾನು ಪಶ್ಚಿಮದ ಪಕ್ಷ, ಅಂದರೆ ಇವರ ಬೇರು ಜೋರ್ಡನ್ ಕಣಿವೆಯಲ್ಲಿದೆ ಅನ್ನುವವರ ಕಡೆ.

ಅವರದೇ ಒಂದು ಸುರುಳಿ ಇದೆ, ಹರಾನ್ ಗವೈತಾ ಅಂತ. ಜೆರುಸಲೇಮಿನಲ್ಲಿ ಕಿರುಕುಳ ತಡೆಯಲಾರದೆ 60,000 ನಾಸೊರಾಯರು ಅರ್ದಬಾನ್ ರಾಜನ ಆಸರೆಗೆ, ಇರಾನಿನ ಕಡೆಯ ಮಾದ್ಯರ ಬೆಟ್ಟಗಳಿಗೆ ಹೋದರು ಅಂತ ಅದು ಹೇಳುತ್ತೆ. ನಾಸೊರಾಯ ಅಂದರೆ ಅವರಲ್ಲಿ ಒಳಗಿನ ಅರಿವು ಇರುವವರು. ಅರ್ದಬಾನ್ ಅನ್ನುವ ಹೆಸರಿನ ಪಾರ್ಥಿಯನ್ ರಾಜರು ಹಲವರಿದ್ದಾರೆ, ಯಾರು ಅಂತ ಜಗಳ ಇದ್ದೇ ಇದೆ. 60,000 ಅನ್ನುವ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಆದರೆ ಎಲ್ಲೋ ದಕ್ಷಿಣ ಇರಾಕಿನ ಜೌಗು ಸೀಮೆಯ ಜನ ತಮ್ಮ ಊರು ಜೆರುಸಲೇಮ್ ಆಗಿತ್ತು ಅಂತ ಯಾಕೆ ಹೇಳಿಕೊಳ್ಳಬೇಕು? ಅದರಿಂದ ಅವರಿಗೆ ಯಾವ ಲಾಭವೂ ಆಗಿಲ್ಲ. ಹರಿಯುವ ನೀರಿಗೆಲ್ಲ ಜೋರ್ಡನ್ ನದಿಯ ಹೆಸರನ್ನೇ ಇಟ್ಟಿದ್ದಾರೆ. ಟೈಗ್ರಿಸ್, ಯೂಫ್ರೆಟಿಸ್ ಎರಡೂ ಕಾಲ ಬುಡದಲ್ಲೇ ಇದ್ದವರು!

ಯೆಹೂದ್ಯರ ಮೇಲಿನ ಸಿಟ್ಟನ್ನೂ ನೋಡಿ. ದೂರದವರ ಮೇಲೆ ಹಾಗೆ ಸಿಟ್ಟು ಬರೋದಿಲ್ಲ, ಒಂದೇ ಮನೆಯಿಂದ ಬೇರೆಯಾದವರಿಗೆ ಮಾತ್ರ ಬರುತ್ತೆ. ಒಂದನೇ ಶತಮಾನದಲ್ಲಿ ಆ ಕಡೆ ನೀರಿನಲ್ಲಿ ಮುಳುಗುವ ಪಂಥಗಳು ಹಲವಿದ್ದವು. ಅಂಥದೊಂದರಿಂದ ಇವರು ಪೂರ್ವಕ್ಕೆ ಬಂದಿರಬೇಕು. ಗಿಂಜಾವನ್ನು 1925ರಲ್ಲಿ ಜರ್ಮನ್‌ಗೆ ತಂದ ಲಿಡ್ಜ್‌ಬಾರ್ಸ್ಕಿ, ಇರಾಕಿನಲ್ಲೇ ಇದ್ದು ಪುರೋಹಿತರ ಸ್ನೇಹ ಮಾಡಿ ಹಸ್ತಪ್ರತಿ ಸಂಗ್ರಹಿಸಿದ ಲೇಡಿ ಡ್ರೋವರ್, ಆಮೇಲೆ ರುಡಾಲ್ಫ್, ಬಕ್ಲಿ, ಈ ವಿದ್ವಾಂಸರೆಲ್ಲ ಒಟ್ಟಿನಲ್ಲಿ ಈ ಕಡೆಯವರೇ.

ಹಸ್ತಪ್ರತಿ ಅಂದಾಗ ನೆನಪಾಯಿತು. ಪ್ರತಿ ಮಾಡಿದವನು ಕೊನೆಯಲ್ಲಿ ತನ್ನ ಹೆಸರು ಬರೆದು, ತಾನು ಯಾರ ಪ್ರತಿಯಿಂದ ಬರೆದೆ, ಅವರು ಯಾರದರಿಂದ ಬರೆದರು ಅಂತ ಒಂದರ ಹಿಂದೆ ಒಂದು ಹೆಸರು ಕೊಡುತ್ತಾ ಹೋಗುತ್ತಾನೆ. ಈ ಸರಪಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಎಡ ಗಿಂಜಾದ ತುದಿಯಲ್ಲಿ ಸಿಗುವುದು ಒಬ್ಬ ಹೆಂಗಸು, ಕಿದ್ರಾಳ ಮಗಳು ಶ್ಲಾಮಾ. ಬಕ್ಲಿ ಅವರ ಲೆಕ್ಕದಲ್ಲಿ ಅವಳ ಕಾಲ ಸುಮಾರು ಕ್ರಿ.ಶ. 200. ಅಪ್ಪನ ಹೆಸರಲ್ಲ, ಅಮ್ಮನ ಹೆಸರು ಅನ್ನುವುದನ್ನು ಗಮನಿಸಿ. ಇವತ್ತಿಗೂ ಪೂಜೆಯಲ್ಲಿ ಬಳಸುವ ಗುಟ್ಟಿನ ಹೆಸರಿಗೆ ತಾಯಿಯ ಹೆಸರನ್ನೇ ಸೇರಿಸುತ್ತಾರೆ.

---

ಮಣ್ಣಿನ ಬಟ್ಟಲು:

ಲಿಪಿಪ್ರಿಯ ಅವರೇ, ಗೌರವದಿಂದಲೇ ಒಪ್ಪುವುದಿಲ್ಲ.

ನಿಮ್ಮ ಸಾಕ್ಷಿಗಳೆಲ್ಲ ಪಠ್ಯದ ಒಳಗಿನವು. ಈಗ ಸಿಗುವ ದೊಡ್ಡ ಹಸ್ತಪ್ರತಿಗಳು 16ನೇ ಶತಮಾನ ಮತ್ತು ಅದರ ಆಮೇಲಿನವು. ಹರಾನ್ ಗವೈತಾದಲ್ಲಿ ಇಸ್ಲಾಂ ಬಂದ ಮೇಲಿನ ಸಂಗತಿಗಳೂ ಇವೆ. ಜೆರುಸಲೇಮಿನ ಕಥೆ ಆಮೇಲೆ ಸೇರಿರಲೂಬಹುದಲ್ವಾ? ಗ್ರಂಥ ಇರುವ ಪ್ರಾಚೀನ ಜನ ಅಂತ ತೋರಿಸಿಕೊಳ್ಳಬೇಕಾದ ಕಾಲ ಅದು. ಲಾಭ ಇಲ್ಲ ಅಂದಿರಿ, ಲಾಭ ಇತ್ತು.

ಕೈಗೆ ಸಿಗುವ ಸಾಕ್ಷಿ ಏನು ಹೇಳುತ್ತೆ ನೋಡಿ. ಭಾಷೆ ಪೂರ್ವ ಅರಾಮಾಯಿಕ್, ಬ್ಯಾಬಿಲೋನಿನ ತಲ್ಮೂದ್ ಅನ್ನುವ ಯೆಹೂದ್ಯರ ಗ್ರಂಥದ ಭಾಷೆಗೆ ಅಕ್ಕಪಕ್ಕದ್ದು. ಅದರೊಳಗೆ ಅಕ್ಕಾಡಿಯನ್, ಅಂದರೆ ಬ್ಯಾಬಿಲೋನಿನ ಹಳೆಯ ಭಾಷೆಯ, ಮಾತುಗಳು ಬೇಕಾದಷ್ಟಿವೆ. ಏಳು ಗ್ರಹಗಳ ಹೆಸರನ್ನೇ ತೆಗೆದುಕೊಳ್ಳಿ: ಶಾಮಿಶ್, ಸೀನ್, ನ್ಬೂ, ಬಿಲ್, ನೀರಿಗ್, ಲಿಬತ್, ಕೀವಾನ್. ಶಾಮಿಶ್ ಅಂದರೆ ಶಮಶ್, ನ್ಬೂ ಅಂದರೆ ನಬೂ, ಬಿಲ್ ಅಂದರೆ ಬೇಲ್. ಒಂದು ಕಾಲಕ್ಕೆ ಬ್ಯಾಬಿಲೋನಿನ ಗುಡಿಗಳಲ್ಲಿ ಪೂಜೆ ಪಡೆಯುತ್ತಿದ್ದ ದೇವರುಗಳು ಇಲ್ಲಿ ರೂಹಾಳ ಮಕ್ಕಳಾಗಿ, ಆತ್ಮವನ್ನು ಅಡ್ಡಗಟ್ಟುವವರಾಗಿ ಕೂತಿದ್ದಾರೆ. ಆ ಗುಡಿಗಳ ನೆರಳಲ್ಲೇ ಬೆಳೆದವರಿಗೆ ಮಾತ್ರ ಹೀಗೆ ಬರೆಯಲು ಆಗುತ್ತೆ.

ಇನ್ನು ನಾನು ಹೆಸರಿಟ್ಟುಕೊಂಡಿರುವ ವಸ್ತು. ಮಂಡೇಯನ್ ಲಿಪಿಯಲ್ಲಿ ಮಂತ್ರ ಬರೆದ ಮಣ್ಣಿನ ಬಟ್ಟಲುಗಳು ದಕ್ಷಿಣ ಇರಾಕಿನಲ್ಲಿ ಸಿಕ್ಕಿವೆ, ಹೆಚ್ಚು ಕಡಿಮೆ 5ರಿಂದ 7ನೇ ಶತಮಾನದವು. ಮಂತ್ರ ಬಟ್ಟಲಿನ ಒಳಮೈಯಲ್ಲಿ ಸುತ್ತು ಸುತ್ತಾಗಿ ಹೋಗುತ್ತೆ. ಅದನ್ನು ಮನೆಯ ನೆಲದಡಿ ಬೋರಲು ಹಾಕಿ ಹೂಳುತ್ತಿದ್ದರು, ಕೆಟ್ಟ ಶಕ್ತಿಗಳು ಒಳಗೆ ಸಿಕ್ಕಿಬೀಳಲಿ ಅಂತ. ಮನೆಯವರ ಹೆಸರು ತಾಯಿಯ ಹೆಸರಿನ ಜೊತೆ ಬರೆದಿರುತ್ತೆ. ಇದು ಮುಟ್ಟಿ ನೋಡಬಹುದಾದ ಸಾಕ್ಷಿ. ಇದಕ್ಕೆ ಸರಿಸಮನಾದದ್ದು ಜೋರ್ಡನ್ ಕಣಿವೆಯಲ್ಲಿ ಒಂದೂ ಸಿಕ್ಕಿಲ್ಲ.

ಮಾನಿಮತ ಸ್ಥಾಪಿಸಿದ ಮಾನಿಯನ್ನೂ ಮರೆಯಬೇಡಿ. 216ರಲ್ಲಿ ಹುಟ್ಟಿದ ಅವನು ಬೆಳೆದದ್ದು ದಕ್ಷಿಣ ಮೆಸೊಪೊಟೇಮಿಯಾದ ಒಂದು ಸ್ನಾನಪಂಥದ ನಡುವೆ. ಅದು ಮಂಡೇಯನ್ನರದ್ದಲ್ಲ, ಎಲ್ಕಸಾಯರದ್ದು. ಆದರೆ ನೀರಿನಲ್ಲಿ ಮುಳುಗುವ ಪಂಥಗಳು ಅಲ್ಲೇ ಇದ್ದವು ಅನ್ನುವುದಕ್ಕೆ ಇಷ್ಟು ಸಾಕು. ಜೋರ್ಡನ್ನಿನಿಂದ ಜನರನ್ನು ನಡೆಸಿಕೊಂಡು ಬರಬೇಕಾದ ಅಗತ್ಯವೇ ಇಲ್ಲ.

---

ಲಿಪಿಪ್ರಿಯ:

ಬಟ್ಟಲುಗಳು 5ನೇ ಶತಮಾನದಲ್ಲಿ ಇವರು ಅಲ್ಲಿದ್ದರು ಅಂತ ತೋರಿಸುತ್ತವೆ. ಅದಕ್ಕೆ ಮುಂಚೆ ಎಲ್ಲಿದ್ದರು ಅಂತ ತೋರಿಸುವುದಿಲ್ಲ. ಭಾಷೆಯೂ ಅಷ್ಟೇ, ಹೋದ ಊರಿನ ಭಾಷೆಯನ್ನು ಜನ ಕಲಿಯುತ್ತಾರೆ.

ಮಾನಿಯ ಪಂಥ ನೀವು ಎತ್ತಿದ್ದು ಒಳ್ಳೆಯದಾಯಿತು. ಆ ಎಲ್ಕಸಾಯರ ಬೇರೂ ಯೆಹೂದಿ-ಕ್ರೈಸ್ತ ಕಡೆಯದ್ದೇ. ಅವರು ದಕ್ಷಿಣ ಮೆಸೊಪೊಟೇಮಿಯಾ ತಲುಪಿದರು ಅಂದ ಮೇಲೆ ಇವರು ತಲುಪಿದ್ದರಲ್ಲಿ ಆಶ್ಚರ್ಯ ಏನಿದೆ? ಮಾನಿಯ ಅನುಯಾಯಿಗಳ ತೋಮಾ ಕೀರ್ತನೆಗಳಿಗೂ ಮಂಡೇಯನ್ ಹಾಡುಗಳಿಗೂ ಇರುವ ಹೋಲಿಕೆಯನ್ನು ಸೇವೆ-ಸೋದರ್‌ಬೆರಿ 1949ರಲ್ಲೇ ತೋರಿಸಿದ್ದಾರೆ. ಮಂಡೇಯನ್ ಹಾಡುಗಳೇ ಹಳೆಯವು ಅನ್ನುವುದು ಅವರ ವಾದ. ಅಂದರೆ 3ನೇ ಶತಮಾನದ ಹೊತ್ತಿಗೆ ಆ ಹಾಡುಗಳು ಸಿದ್ಧವಾಗಿದ್ದವು.

ಒಂದು ಮಾತು ಒಪ್ಪುತ್ತೇನೆ. ಬಂದ ಬೀಜ ಪಶ್ಚಿಮದ್ದಾದರೂ ಬೆಳೆದ ಮಣ್ಣು ಬ್ಯಾಬಿಲೋನಿನದೇ. ಗ್ರಹಗಳ ಹೆಸರಿನ ವಿಷಯದಲ್ಲಿ ನಿಮ್ಮ ಜೊತೆ ನನಗೆ ಜಗಳ ಇಲ್ಲ.

---

ಮಣ್ಣಿನ ಬಟ್ಟಲು:

ಅಷ್ಟು ಒಪ್ಪಿದರೆ ನನಗೂ ಸಾಕು. ಸೇರಿಸಬೇಕಾದ್ದು ಒಂದೇ. ಹೊರಗಿನವರಲ್ಲಿ ಇವರ ಬಗ್ಗೆ ವಿವರವಾಗಿ ಬರೆದ ಹಳಬ ಥಿಯೋಡೋರ್ ಬಾರ್ ಕೋನೈ, ಸಿರಿಯಾಕ್ ಕ್ರೈಸ್ತ, 792ರ ಸುಮಾರಿನಲ್ಲಿ. ಅದೋ ಅನ್ನುವ ಒಬ್ಬ ಭಿಕ್ಷುಕ ಈ ಪಂಥ ಶುರು ಮಾಡಿದ ಅಂತ ಅವನು ಬರೆಯುತ್ತಾನೆ. ಎದುರಾಳಿಯ ಮಾತು, ಹಾಗಾಗಿ ಹುಟ್ಟಿನ ಕಥೆಯನ್ನು ನಾನು ನಂಬುವುದಿಲ್ಲ. ಆದರೆ ಅವನು ಕೊಡುವ ಉಲ್ಲೇಖಗಳು ಇವತ್ತಿನ ಗಿಂಜಾದ ಮಾತುಗಳಿಗೆ ಹೊಂದುತ್ತವೆ. ಹಸ್ತಪ್ರತಿ 16ನೇ ಶತಮಾನದ್ದಾದರೂ ಒಳಗಿನ ಸರಕು ಬಹಳ ಹಳೆಯದು ಅನ್ನುವುದಕ್ಕೆ ಇದು ಗಟ್ಟಿ ಆಧಾರ.

---

ಮಿರ್ಟಲ್ ಎಲೆ:

ನಾನು ಸಿಡ್ನಿ ಕಡೆ ಇರುವವಳು. ಇಲ್ಲಿ ಮಂಡೇಯನ್ನರು ಸಾವಿರಾರು ಮಂದಿ ಇದ್ದಾರೆ. ಪೆನ್ರಿತ್ ಹತ್ತಿರ ನೇಪಿಯನ್ ನದಿಯಲ್ಲಿ ಮಸ್ಬುತಾ ಮಾಡುತ್ತಾರೆ. ದಡದಲ್ಲಿ ದೂರ ನಿಂತು ನೋಡಿದ್ದನ್ನು ಬರೆಯುತ್ತೇನೆ, ಯಾಕಂದ್ರೆ ಪುಸ್ತಕದಲ್ಲಿ ಓದಿದಾಗ ಇದು ಕಣ್ಣಿಗೆ ಕಟ್ಟುವುದಿಲ್ಲ.

ಎಲ್ಲರೂ ಬಿಳಿ ಬಟ್ಟೆಯಲ್ಲಿ ಇರುತ್ತಾರೆ, ಅದಕ್ಕೆ ರಸ್ತಾ ಅಂತಾರೆ. ಅಂಗಿ, ಪಾಯಿಜಾಮ, ತಲೆಗೆ ಸುತ್ತು, ಹೆಗಲ ಮೇಲಿಂದ ಇಳಿಬಿದ್ದ ಪಟ್ಟಿ, ಸೊಂಟಕ್ಕೆ ಉಣ್ಣೆಯ ದಾರ. ಬಡವ ಶ್ರೀಮಂತ ಎಲ್ಲರಿಗೂ ಅದೇ. ದಡದಲ್ಲಿ ದ್ರಬ್ಶಾ ನೆಟ್ಟಿರುತ್ತಾರೆ. ಅಡ್ಡಕ್ಕೆ ಉದ್ದಕ್ಕೆ ಕಟ್ಟಿದ ಆಲಿವ್ ಮರದ ಕೋಲು, ಮೇಲೆ ಬಿಳಿ ರೇಷ್ಮೆ ಬಟ್ಟೆ, ಮಿರ್ಟಲ್ ಗಿಡದ ರೆಂಬೆ. ದೂರದಿಂದ ಶಿಲುಬೆ ಥರ ಕಾಣುತ್ತೆ, ಶಿಲುಬೆಗೂ ಅದಕ್ಕೂ ಸಂಬಂಧವಿಲ್ಲ. ಅದು ಬೆಳಕಿನ ಬಾವುಟ.

ಪುರೋಹಿತರು ಕೋಲು ಹಿಡಿದು ಸೊಂಟದ ಮಟ್ಟದ ನೀರಿನಲ್ಲಿ ನಿಂತಿರುತ್ತಾರೆ. ದೀಕ್ಷೆ ತೆಗೆದುಕೊಳ್ಳುವವರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮೊದಲು ತಾವೇ ಮೂರು ಸಲ ಮುಳುಗುತ್ತಾರೆ, ಆಮೇಲೆ ಪುರೋಹಿತರು ಮೂರು ಸಲ ಮುಳುಗಿಸುತ್ತಾರೆ. ನೀರಿನಿಂದಲೇ ಹಣೆಗೆ ಮೂರು ಸಲ ಗುರುತು. ಅಂಗೈಯಲ್ಲಿ ನದಿಯ ನೀರನ್ನೇ ಮೂರು ಸಲ ಕುಡಿಸುತ್ತಾರೆ. ಮಿರ್ಟಲ್ ಎಲೆಯ ಚಿಕ್ಕ ಬಳೆಯಂಥ ಕಿರೀಟ ತಲೆಗೆ ಸಿಕ್ಕಿಸುತ್ತಾರೆ. ಆಮೇಲೆ ಇಬ್ಬರೂ ಬಲಗೈ ಹಿಡಿಯುತ್ತಾರೆ, ಅದು ಕುಷ್ಟಾ, ಸತ್ಯದ ಕೈ. ದಡಕ್ಕೆ ಬಂದ ಮೇಲೆ ಹಣೆಗೆ ಎಳ್ಳೆಣ್ಣೆ, ತಿನ್ನಲು ಉಪ್ಪಿಲ್ಲದ ಸಣ್ಣ ರೊಟ್ಟಿ ತುಂಡು, ಕುಡಿಯಲು ನೀರು, ಮತ್ತೆ ಕೈ ಹಿಡಿಯುವುದು. ಇಷ್ಟರ ಉದ್ದಕ್ಕೂ ಪುರೋಹಿತರು ಅರಾಮಾಯಿಕ್ ಮಂತ್ರ ನಿಲ್ಲಿಸುವುದೇ ಇಲ್ಲ. ಪಕ್ಕದಲ್ಲಿ ಜನ ನಾಯಿ ಹಿಡಿದು ವಾಕಿಂಗ್ ಹೋಗುತ್ತಿರುತ್ತಾರೆ, ದೋಣಿ ಹುಟ್ಟು ಹಾಕುತ್ತಿರುತ್ತಾರೆ.

ನನ್ನ ಗಮನ ಸೆಳೆದದ್ದು ವಯಸ್ಸಾದ ಹೆಂಗಸರು. ಜುಲೈ ಚಳಿಯಲ್ಲಿ, ಮೊಣಕಾಲು ಬಾಗದವರೂ ಮಕ್ಕಳ ಕೈ ಹಿಡಿದು ನೀರಿಗೆ ಇಳಿಯುತ್ತಾರೆ. ಬಿಸಿನೀರಿನ ಮಾತೇ ಇಲ್ಲ.

---

ಹಳೇಪುಟ:

ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ನದಿದಂಡೆ ಅವರು ಹೇಳಿದ ಮೇಲೆ ನೀರಿನ ಲೆಕ್ಕ ಅರ್ಥ ಆಯಿತು. ಇನ್ನು ಎರಡೇ ಪ್ರಶ್ನೆ. ಕುರಾನಿನಲ್ಲಿ ಬರುವ ಸಾಬಿಯನ್ನರು ಇವರೇನಾ? ಬೇರೆಯವರು ಈ ಮತಕ್ಕೆ ಸೇರಬಹುದಾ? ಸೇರುವ ಹಾಗಿಲ್ಲ ಅಂದರೆ ಜನ ಉಳಿಯುವುದು ಹೇಗೆ?

---

ನದಿದಂಡೆ:

ಕುರಾನಿನಲ್ಲಿ ಸಾಬಿಯನ್ನರ ಹೆಸರು ಮೂರು ಕಡೆ ಬರುತ್ತೆ, ಯೆಹೂದ್ಯರು ಕ್ರೈಸ್ತರ ಪಕ್ಕದಲ್ಲೇ. ಅದು ಮೊದಲಿಗೆ ಯಾರನ್ನು ಕುರಿತದ್ದು ಅನ್ನುವುದಕ್ಕೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಹರ್ರಾನ್ ಊರಿನ ನಕ್ಷತ್ರಪೂಜಕರೂ ಆ ಹೆಸರು ಹಾಕಿಕೊಂಡಿದ್ದರು, ಅವರು ಬೇರೆ, ಇವರು ಬೇರೆ. ಏನೇ ಆದರೂ ಇರಾಕಿನಲ್ಲಿ ಆ ಹೆಸರು ಮಂಡೇಯನ್ನರಿಗೆ ಅಂಟಿಕೊಂಡಿತು, ಅದರಿಂದ ಗ್ರಂಥದ ಜನ ಅನ್ನುವ ರಕ್ಷಣೆ ಸಿಕ್ಕಿತು. 2005ರ ಇರಾಕಿನ ಸಂವಿಧಾನದಲ್ಲಿ ಕ್ರೈಸ್ತರು, ಯಜೀದಿಗಳ ಜೊತೆ ಇವರ ಹೆಸರೂ ಇದೆ. ಸಂಸತ್ತಿನಲ್ಲಿ ಒಂದು ಸೀಟು ಮೀಸಲು. ಇರಾನಿನಲ್ಲಿ ಹಾಗಿಲ್ಲ. ಅಲ್ಲಿನ ಸಂವಿಧಾನ ಜರತುಷ್ಟ್ರರು, ಯೆಹೂದ್ಯರು, ಕ್ರೈಸ್ತರನ್ನು ಮಾತ್ರ ಹೆಸರಿಸುತ್ತೆ. ಅಹ್ವಾಜಿನ ಮಂಡೇಯನ್ನರು ಇದರಿಂದ ಓದು, ಸರ್ಕಾರಿ ಕೆಲಸ ಎರಡರಲ್ಲೂ ತೊಂದರೆ ಅನುಭವಿಸಿದ್ದಾರೆ.

ಸೇರಬಹುದಾ ಅಂದರೆ, ಇಲ್ಲ. ಮಂಡೇಯನ್ ಅಪ್ಪ ಅಮ್ಮನಿಗೆ ಹುಟ್ಟಬೇಕು ಅಷ್ಟೇ. ಹೊರಗೆ ಮದುವೆಯಾದರೆ ಮಕ್ಕಳಿಗೆ ಮಸ್ಬುತಾ ಇಲ್ಲ ಅನ್ನುವುದು ಹಳೆಯ ನಿಯಮ.

ಜನ ಉಳಿಯುವುದು ಹೇಗೆ ಅನ್ನುವುದೇ ಕಷ್ಟದ ಪ್ರಶ್ನೆ. ಈ ಮತಕ್ಕೆ ಎರಡು ಇಲ್ಲದೆ ಆಗುವುದಿಲ್ಲ, ಹರಿಯುವ ನೀರು ಮತ್ತು ಪುರೋಹಿತ. ಪುರೋಹಿತರು ಇಲ್ಲದೆ ಮಸ್ಬುತಾ ಇಲ್ಲ, ಮದುವೆ ಇಲ್ಲ, ಮಸಿಕ್ತಾ ಇಲ್ಲ. ಒಬ್ಬ ತರ್ಮಿದಾ, ಅಂದರೆ ಪುರೋಹಿತ, ಆಗಬೇಕಾದರೆ ಏಳು ದಿನ ಏಳು ರಾತ್ರಿ ಗುಡಿಸಿಲಿನಲ್ಲಿ ನಿದ್ದೆಗೆಟ್ಟು ಗುರುವಿನಿಂದ ಮಂತ್ರ ಕಲಿಯಬೇಕು, ಆಮೇಲೆ 60 ದಿನ ಯಾರನ್ನೂ ಮುಟ್ಟದೆ ಶುದ್ಧಿಯಲ್ಲಿರಬೇಕು. ಒಬ್ಬ ಪುರೋಹಿತನನ್ನು ಇನ್ನೊಬ್ಬ ಪುರೋಹಿತನೇ ಮಾಡಬೇಕು. ಸಾಲು ಒಮ್ಮೆ ಕಡಿದರೆ ಮುಗಿಯಿತು.

1831ರಲ್ಲಿ ಅದು ಕಡಿದೇ ಹೋಗಿತ್ತು. ಕಾಲರಾ ಬಂದು ಪುರೋಹಿತರೆಲ್ಲ ಸತ್ತರು. ಉಳಿದವರಲ್ಲಿ ಇಬ್ಬರು ಯುವಕರು, ಯಾಹ್ಯಾ ಬಿಹ್ರಾಮ್ ಮತ್ತು ರಾಮ್ ಜಿಹ್ರುನ್, ಪುರೋಹಿತರ ಮನೆಯ ಮಕ್ಕಳು, ಪಠ್ಯ ಬಲ್ಲವರು, ಆದರೆ ದೀಕ್ಷೆ ಆಗಿರಲಿಲ್ಲ. ಕೊಡಲು ಯಾರೂ ಉಳಿದಿರಲಿಲ್ಲ. ಅವರಿಬ್ಬರೂ ಸೇರಿ ಪರಸ್ಪರ ದೀಕ್ಷೆ ಕೊಟ್ಟುಕೊಂಡು ಸಾಲನ್ನು ಮತ್ತೆ ಹಿಡಿದರು. ಆ ಕಾಲದ ನೋವನ್ನು ಅವರು ಪ್ರತಿ ಮಾಡಿದ ಪುಸ್ತಕಗಳ ಕೊನೆಯಲ್ಲೇ ಬರೆದಿಟ್ಟಿದ್ದಾರೆ. ಲಿಪಿಪ್ರಿಯ ಹೇಳಿದ ಹೆಸರಿನ ಸರಪಳಿ ಇದೆಯಲ್ಲ, ಅಲ್ಲಿ. ಶಾಸ್ತ್ರದ ಪ್ರಕಾರ ಹಾಗೆ ಮಾಡಬಹುದಾ ಅಂತ ಯಾರಾದರೂ ಕೇಳಬಹುದು. ಅವರು ಮಾಡದೆ ಇದ್ದಿದ್ದರೆ ಇವತ್ತು ನಾವು ಇಲ್ಲಿ ಇವರ ಬಗ್ಗೆ ವರ್ತಮಾನಕಾಲದಲ್ಲಿ ಬರೆಯುತ್ತಿರಲಿಲ್ಲ ಅಂತ ನಾನು ಅಂದುಕೊಳ್ಳುತ್ತೇನೆ.

ಆಮೇಲಿನದು 2003ರ ಇರಾಕ್ ಯುದ್ಧ. ಇರಾಕಿನಲ್ಲಿ ಇವರು ತಲೆಮಾರುಗಳಿಂದ ಬೆಳ್ಳಿ ಬಂಗಾರದ ಕೆಲಸದವರು, ಅಮಾರಾ ಮತ್ತು ಬಾಗ್ದಾದಿನ ಕಪ್ಪು ಕುಸುರಿಯ ಬೆಳ್ಳಿ ಸಾಮಾನು ಇವರ ಕೈಯದೇ. ದೋಣಿ ಕಟ್ಟುವವರೂ ಇದ್ದರು. ಓದಿದವರೂ ಕಡಿಮೆ ಇಲ್ಲ, 1958ರ ಕ್ರಾಂತಿಯ ಆಮೇಲೆ ಬಾಗ್ದಾದ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದ ಭೌತವಿಜ್ಞಾನಿ ಅಬ್ದುಲ್ ಜಬ್ಬಾರ್ ಅಬ್ದುಲ್ಲಾ ಮಂಡೇಯನ್ನರೇ. ಯುದ್ಧದ ಆಮೇಲೆ ಬಂಗಾರದ ಅಂಗಡಿಯವರು ಅಂತ ದರೋಡೆ, ಅಪಹರಣ, ಬೇರೆ ಮತದವರು ಅಂತ ಕೊಲೆ, ಬಲವಂತದ ಮತಾಂತರ. ಆಯುಧ ಹಿಡಿಯದ ಜನ, ಕಾಯುವ ಬುಡಕಟ್ಟಿನ ಬೆಂಬಲ ಇಲ್ಲ. ಲೋಕದಲ್ಲಿ ಒಟ್ಟು 60,000ದಿಂದ 70,000 ಮಂದಿ ಇರಬಹುದು ಅನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಆಗ ಇರಾಕಿನಲ್ಲಿದ್ದರು, ಈಗ ಅಲ್ಲಿ ಉಳಿದವರು ಕೆಲವೇ ಸಾವಿರ. ಉಳಿದವರು ಆಸ್ಟ್ರೇಲಿಯಾ, ಸ್ವೀಡನ್, ಅಮೆರಿಕ, ನೆದರ್‌ಲ್ಯಾಂಡ್ಸ್ ಅಂತ ಚೆದುರಿಹೋಗಿದ್ದಾರೆ.

ಚೆದುರಿದ ಮೇಲೆ ಎರಡೂ ಕಷ್ಟ ಒಟ್ಟಿಗೆ ಬಂದವು. ಎಷ್ಟೋ ಊರುಗಳಲ್ಲಿ ಪುರೋಹಿತರಿಲ್ಲ. ಸ್ವೀಡನ್ನಿನ ಚಳಿಗಾಲದಲ್ಲಿ ನದಿಗೆ ಇಳಿಯಲು ಆಗುವುದಿಲ್ಲ. ದಾಲ್‌ಬಿ ಅನ್ನುವ ಊರಿನಲ್ಲಿ 2018ರಲ್ಲಿ ಮಂದಿ, ಅಂದರೆ ಅವರ ಪೂಜಾಮನೆ, ಕಟ್ಟಿ ಒಳಗೇ ಕೊಳ ಮಾಡಿಕೊಂಡಿದ್ದಾರೆ. ಅದು ಯರ್ದ್ನಾ ಆಗುತ್ತಾ ಅನ್ನುವ ಚರ್ಚೆ ಪುರೋಹಿತರ ನಡುವೆ ಇದ್ದೇ ಇದೆ. ನೀರು ಹರಿಯುತ್ತಾ ಇದ್ದರೆ ಆಗುತ್ತೆ ಅನ್ನುವವರು ಕೆಲವರು, ಭೂಮಿಯ ಮೇಲಿನ ನದಿಯೇ ಬೇಕು ಅನ್ನುವವರು ಕೆಲವರು. ಹೊರಗೆ ಮದುವೆಯಾದವರ ಮಕ್ಕಳನ್ನು ಸೇರಿಸಿಕೊಳ್ಳಬೇಕು ಅಂತ ಪಟ್ಟಣದ ಓದಿದ ಮಂಡೇಯನ್ನರು ಕೇಳುತ್ತಿದ್ದಾರೆ. ಹಿರಿಯ ಪುರೋಹಿತರಲ್ಲಿ ಹೆಚ್ಚಿನವರು ಒಪ್ಪಿಲ್ಲ.

ನನಗನಿಸುವುದನ್ನು ಹೇಳುತ್ತೇನೆ. ಮಕ್ಕಳ ವಿಷಯದಲ್ಲಿ ಅವರು ಸಡಿಲಿಸಬೇಕು. 1831ರಲ್ಲಿ ಇಬ್ಬರು ಯುವಕರು ಮಾಡಿದ್ದು ಇದಕ್ಕಿಂತ ದೊಡ್ಡ ಸಡಿಲಿಕೆ, ಅದನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಆದರೆ ಇದನ್ನು ಹೇಳಬೇಕಾದವರು ಅವರು, ನಾನಲ್ಲ.

---

ಮಿರ್ಟಲ್ ಎಲೆ:

ಇಲ್ಲಿನ ಹುಡುಗರಲ್ಲಿ ಕೆಲವರು ತರ್ಮಿದಾ ಆಗಲು ಮಂತ್ರ ಕಲಿಯುತ್ತಿದ್ದಾರೆ, ಮನೆಯಲ್ಲಿ ಅರಬ್ಬಿ, ಶಾಲೆಯಲ್ಲಿ ಇಂಗ್ಲಿಷ್, ಮಂತ್ರಕ್ಕೆ ಮಂಡೇಯನ್ ಲಿಪಿ. 24 ಅಕ್ಷರ, ಮೊದಲನೆಯದೂ ಕೊನೆಯದೂ ಒಂದೇ. ಹಳೇಪುಟ ಅವರೇ, ನೀವು ಪಠ್ಯ ಓದುವುದಾದರೆ ಕೊಲಸ್ತಾದಿಂದ ಶುರು ಮಾಡಿ, ಅದು ಅವರ ಪ್ರಾರ್ಥನೆಗಳ ಪುಸ್ತಕ. ಗಿಂಜಾಕ್ಕೆ ನೇರವಾಗಿ ಹೋದರೆ ಹೆಸರುಗಳ ನಡುವೆ ದಾರಿ ತಪ್ಪುತ್ತೆ. ಮಸ್ಬುತಾದಲ್ಲಿ ಹೇಳುವ ಹಾಡುಗಳು ಅದರಲ್ಲಿ ಮೊದಲಿಗೇ ಬರುತ್ತವೆ.